ಕಡಲಂಚಿನ ವೈನಿಗೆ ಕುಣಿಗಲ್ಲಿನ ಮೂಗು

ವೈನರಿಯಲ್ಲಿ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಈಚೆಗೆ ಆಗಾಗ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಗೋಡೆಯ ಮೇಲಿನ ಶಿವನ ಪಟವನ್ನೂ ನನ್ನ ಹಣೆಯ ವಿಭೂತಿಯನ್ನೂ ನೋಡಿ, ವಿಳಾಸ ತಪ್ಪಿತೇನೋ ಎಂದು ಅನುಮಾನಿಸುತ್ತಾರೆ. ಆಮೇಲೆ ಧೈರ್ಯ ಮಾಡಿ ಕೇಳುವ ಮೊದಲ ಪ್ರಶ್ನೆ ಎಲ್ಲರದೂ ಒಂದೇ: "ಮೇಡಂ, ದಿನಾ ಕುಡೀಬೇಕಾ?"

ಇಲ್ಲ. ದಿನಾ ತೊಳೆಯಬೇಕು. ಟ್ಯಾಂಕು ತೊಳೆಯಬೇಕು, ಪೈಪು ತೊಳೆಯಬೇಕು, ನೆಲ ತೊಳೆಯಬೇಕು, ತೊಳೆದದ್ದನ್ನು ಮೂಸಿ ನೋಡಿ ಮತ್ತೆ ತೊಳೆಯಬೇಕು. ಕೆಲಸದ ಮುಕ್ಕಾಲು ಪಾಲು ಇಷ್ಟೇ. ಉಳಿದ ಕಾಲು ಪಾಲಿನಲ್ಲಿ ವೈನನ್ನು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಬೇಕು. ನುಂಗುವಂತಿಲ್ಲ. ಬೆಳಿಗ್ಗೆಯಿಂದ ಅಷ್ಟೂ ಟ್ಯಾಂಕಿನದ್ದನ್ನು ನುಂಗುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಟ್ಯಾಂಕೂ ಚೆನ್ನಾಗಿಯೇ ಕಾಣುತ್ತದೆ.

ನಾನು ಹುಟ್ಟಿದ್ದು ಗುಬ್ಬಿಯಲ್ಲಿ. ತಂದೆಗೆ ಕೊಬ್ಬರಿ ವ್ಯಾಪಾರ. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ತುಮಕೂರಿಗೆ ಸೊಸೆಯಾಗಿ ಬಂದು, ಹಾಲಿನ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಆ ಹೊತ್ತಿಗೆ ಕುಣಿಗಲ್ ಕಡೆಯ ಗೌಡರೊಬ್ಬರು ತಮ್ಮ ದ್ರಾಕ್ಷಿ ತೋಟದ ಪಕ್ಕದಲ್ಲೇ ಸಣ್ಣದೊಂದು ವೈನರಿ ತೆರೆದರು. ಲ್ಯಾಬಿಗೆ ಜನ ಬೇಕಾಗಿತ್ತು. ನನ್ನ ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಅವರು "ನಿಂಗಿಷ್ಟ ಇದ್ರೆ ಹೋಗು" ಎಂದು ಸುಮ್ಮನಾದರು. ಒಪ್ಪಿಸಬೇಕಾಗಿದ್ದದ್ದು ಮಾವನವರನ್ನು. ಅವರು ನಿವೃತ್ತ ಮೇಷ್ಟರು. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರನ್ನೂ ಮುಟ್ಟದವರು, ಮಠದ ಪ್ರಸಾದ ನಿಲಯದಲ್ಲಿದ್ದು ಓದಿ ಮೇಲೆ ಬಂದವರು.

"ಕುಡೀತೀಯೇನಮ್ಮ ಅಲ್ಲಿ?" ಎಂದು ನೇರವಾಗಿ ಕೇಳಿದರು.

"ಇಲ್ಲ ಮಾವ. ಬಾಯಿಗೆ ಹಾಕ್ಕೊಂಡು ಉಗೀತೀವಿ."

ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. "ಉಗಿಯೋ ಕೆಲಸಕ್ಕೆ ಎಂಎಸ್ಸಿ ಬೇಕಾ? ಸರಿ ಬಿಡು, ಹೋಗು. ಆದ್ರೆ ಮನೇಗ್ ಬಂದ್ಮೇಲೆ ಸ್ನಾನ ಮಾಡಿ ಅಡುಗೆಮನೆಗೆ ಹೋಗ್ಬೇಕು. ಅಷ್ಟೇ ನಂದು."

ಆ ಒಂದು ಷರತ್ತನ್ನು ನಿವೃತ್ತಿಯ ದಿನದವರೆಗೂ ಪಾಲಿಸಿದೆ. ನಿಜ ಹೇಳಬೇಕೆಂದರೆ, ದ್ರಾಕ್ಷಿಯ ಹಂಗಾಮಿನಲ್ಲಿ ಆ ಸ್ನಾನ ನನಗೇ ಬೇಕಾಗಿರುತ್ತಿತ್ತು.

ನನ್ನ ಮೊದಲ ಮೇಲಧಿಕಾರಿ ನಾಸಿಕದ ಕಡೆಯವರು. ಮಾತು ಕಡಿಮೆ. ನಾನು ಸೇರಿದ ಮೊದಲ ಹಂಗಾಮಿನಲ್ಲಿ, ಕೆಲಸದವರೊಬ್ಬರು ಮನೆಯ ನೀರಿನ ತೊಟ್ಟಿ ತೊಳೆದ ಹಾಗೆ ವೈನಿನ ಪೈಪುಗಳನ್ನೆಲ್ಲ ಬ್ಲೀಚಿಂಗ್ ಪೌಡರಿನಲ್ಲಿ ತೊಳೆದಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆ ಪೈಪಿನಲ್ಲಿ ಹಾದುಹೋದ ವೈನೆಲ್ಲ ಆಸ್ಪತ್ರೆಯ ವಾರ್ಡಿನ ವಾಸನೆ ಹೊಡೆಯತೊಡಗಿತು. ನಮ್ಮ ಅಧಿಕಾರಿ ಯಾರನ್ನೂ ಬೈಯಲಿಲ್ಲ. ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ, ವೈನು ಮೋರಿಗೆ ಹರಿದು ಮುಗಿಯುವವರೆಗೂ ನಮ್ಮನ್ನೆಲ್ಲ ಅಲ್ಲೇ ನಿಲ್ಲಿಸಿಕೊಂಡರು. ಅಷ್ಟೇ ಪಾಠ. ಅವರು ಊರಿಗೆ ಹಿಂತಿರುಗಿದ ಮೇಲೆ ಆ ಜವಾಬ್ದಾರಿ ನನ್ನ ಹೆಗಲಿಗೆ ಬಂತು.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಕೊರೊನಾ ತಣ್ಣಗಾಗಿ ವಿಮಾನಗಳು ಮತ್ತೆ ಓಡಾಡಲು ಶುರುವಾದ ಕಾಲ. ನಮ್ಮ ಗೌಡರು ದ್ರಾಕ್ಷಿ ಬೆಳೆಗಾರರ ಗುಂಪಿನ ಜೊತೆ ಸ್ಪೇನಿಗೆ ಹೋಗಿಬಂದರು. ಬಂದವರೇ ಲ್ಯಾಬಿಗೆ ನುಗ್ಗಿ, ಅಂಗಿಗಳ ನಡುವೆ ಸುತ್ತಿಟ್ಟುಕೊಂಡು ತಂದಿದ್ದ ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಗಿರಿಜಮ್ಮ, ಇದನ್ನ ನೋಡ್ರಿ. ಸಮುದ್ರದ ಪಕ್ಕ ಬೆಳೆದಿರೋ ದ್ರಾಕ್ಷಿ. ಇಂಥದ್ದು ನಾವೂ ಮಾಡ್ಬೇಕು."

ತಣ್ಣಗೆ ಮಾಡಿ ಗ್ಲಾಸಿಗೆ ಹಾಕಿದೆ. ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಮೂಗಿಗೆ ಮೊದಲು ನಿಂಬೆ ಸಿಪ್ಪೆ, ಆಮೇಲೆ ಇನ್ನೂ ಮಾಗದ ಪೀಚ್ ಹಣ್ಣು. ನಾಲಗೆಯ ಮೇಲೆ ಚುರುಕಾದ ಹುಳಿ. ಉಗುಳಿದ ಮೇಲೆ ತುಟಿಯಂಚಿನಲ್ಲಿ ಏನೋ ಉಳಿಯಿತು. ಉಪ್ಪು ಎನ್ನೋಣವೆಂದರೆ ಉಪ್ಪಲ್ಲ. ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯ ಸಿಪ್ಪೆ ಚೀಪಿದ ಹಾಗೆ. ಅಂಥ ವೈನನ್ನು ನಾನು ಅದುವರೆಗೆ ರುಚಿ ನೋಡಿರಲಿಲ್ಲ. ನಾವು ಮಾಡುತ್ತಿದ್ದ ಬಿಳಿ ವೈನು ಒಳ್ಳೆಯದೇ, ಆದರೆ ಅದು ಊಟವಾದ ಮೇಲೆ ಮಲಗಿಬಿಡುವ ಮನುಷ್ಯನಂತೆ. ಇದು ಎದ್ದು ನಿಂತಿತ್ತು.

"ಇದನ್ನ ಹೆಂಗ್ ಮಾಡ್ತಾರೆ ಅಂತ ನೋಡ್ಕೊಂಡು ಬನ್ನಿ. ಒಂದು ಸೀಸನ್ ಅಲ್ಲೇ ಇದ್ದು ಕಲ್ತು ಬನ್ನಿ," ಎಂದರು ಗೌಡರು. ನಾನೋ ಐವತ್ತು ದಾಟಿದ ಹೆಂಗಸು, ಸಸ್ಯಾಹಾರಿ, ಪಾಸ್‌ಪೋರ್ಟಿನ ಮುಖವನ್ನೇ ನೋಡದವಳು. ಬೇಡವೆನ್ನಲು ನೂರು ಕಾರಣವಿತ್ತು. ಮಾವನವರೇ ಬಾಯಿ ಹಾಕಿದರು: "ಹೋಗಿ ಬಾರಮ್ಮ. ನಾನು ಮೂವತ್ತು ವರ್ಷ ಮಕ್ಕಳಿಗೆ ಅಟ್ಲಾಂಟಿಕ್ ಸಾಗರ ಹೇಳ್ಕೊಟ್ಟೆ, ಒಂದ್ ದಿನಾನೂ ನೋಡ್ಲಿಲ್ಲ."

ಆಗಸ್ಟಿನ ಕೊನೆಯಲ್ಲಿ ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಂಡು ಹೊರಟೆ.

ಸ್ಪೇನ್ ಎಂದರೆ ಬಿಸಿಲು, ಒಣನೆಲ ಎಂದುಕೊಂಡಿದ್ದೆ. ನಾನು ಇಳಿದದ್ದು ಅದರ ವಾಯವ್ಯ ಮೂಲೆಯ ಗಲೀಸಿಯ ಎಂಬ ಸೀಮೆಯಲ್ಲಿ, ಮಳೆಯಲ್ಲಿ. ಅಲ್ಲಿ ಸಮುದ್ರ ನೆಟ್ಟಗೆ ನಿಲ್ಲುವುದಿಲ್ಲ. ಅಗಲಿಸಿದ ಕೈಬೆರಳುಗಳ ಹಾಗೆ ನೆಲದೊಳಕ್ಕೆ ನುಗ್ಗಿ ಬಂದುಬಿಟ್ಟಿದೆ. ಆ ಬೆರಳುಗಳ ಮಧ್ಯದ ದಿಣ್ಣೆಗಳ ಮೇಲೆ ದ್ರಾಕ್ಷಿ. ಒಂದೊಂದು ಮನೆಯ ಹಿತ್ತಲಿನಷ್ಟು ಸಣ್ಣ ಸಣ್ಣ ತೋಟ. ನೀರಿನ ಮೇಲೆ ಮರದ ತೆಪ್ಪಗಳನ್ನು ತೇಲಬಿಟ್ಟು ಚಿಪ್ಪುಮೀನು ಸಾಕುತ್ತಾರೆ. ಒಂದೇ ಮನೆಯಲ್ಲಿ ಗಂಡ ತೆಪ್ಪದ ಮೇಲೆ, ಹೆಂಡತಿ ದ್ರಾಕ್ಷಿ ಚಪ್ಪರದ ಕೆಳಗೆ.

ಮೊದಲ ದಿನ ಆ ಚಪ್ಪರಗಳನ್ನು ಕಂಡು ನಿಂತುಬಿಟ್ಟೆ. ಕಲ್ಲುಕಂಬ! ನಮ್ಮ ಊರ್ಡಿಗೆರೆ, ಕೋರ ಕಡೆ ಹೊಲದ ಬೇಲಿಗೆ ನೆಡುತ್ತೇವಲ್ಲ, ಅಂಥದೇ ಸೀಳಿದ ಕಗ್ಗಲ್ಲಿನ ಕಂಬಗಳು, ಅವುಗಳ ಮೇಲೆ ತಂತಿ, ತಂತಿಯ ಮೇಲೆ ಬಳ್ಳಿ. ನಮ್ಮಲ್ಲೂ ದ್ರಾಕ್ಷಿಗೆ ಇದೇ ಚಪ್ಪರ. ನಮ್ಮಲ್ಲಿ ಅದು ಗೊಂಚಲಿಗೆ ನೆರಳಿಗಾಗಿ. ಅಲ್ಲಿ ನೆರಳಿನ ಚಿಂತೆಯಿಲ್ಲ, ತೇವದ ಚಿಂತೆ. ಗೊಂಚಲು ನೆಲದಿಂದ ಎತ್ತರದಲ್ಲಿದ್ದರೆ ಕೆಳಗಿನಿಂದ ಕಡಲ ಗಾಳಿ ಹಾದು ಅದನ್ನು ಒಣಗಿಸುತ್ತದೆ. ಇಲ್ಲದಿದ್ದರೆ ಬೂಜು. ಕಲ್ಲು ಒಂದೇ, ಕಟ್ಟಿದ ಕಾರಣ ಬೇರೆ.

ವೈನರಿಯ ಮುಖ್ಯಸ್ಥೆಯ ಹೆಸರು ಕಾರ್ಮೆನ್. ಮೀನುಗಾರರ ಮನೆಯ ಮಗಳು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ನ್ಯೂಜಿಲೆಂಡಿನಲ್ಲಿ ಕೆಲಸ ಮಾಡಿ ಬಂದಿದ್ದರಿಂದ ಇಂಗ್ಲಿಷ್ ಮಾತನಾಡುತ್ತಿದ್ದಳು. ನಾನು ಹೋದ ದಿನವೇ ಪ್ರಶ್ನೆ ಕೇಳಿದೆ: ಈ ಉಪ್ಪಿನ ರುಚಿ ಎಲ್ಲಿಂದ ಬರುತ್ತದೆ? ಗಾಳಿಯಿಂದಲೋ, ಮಣ್ಣಿನಿಂದಲೋ?

"ಗೊತ್ತು ಅನ್ನುವವರ ಮಾತು ನಂಬಬೇಡ," ಎಂದಳು. "ಕಲ್ಲು ಕರಗಿ ಆದ ಮರಳು, ಆರದ ತೇವ, ನಿಧಾನಕ್ಕೆ ಮಾಗುವ ದಪ್ಪ ಸಿಪ್ಪೆಯ ಹಣ್ಣು, ಇಳಿಯದ ಹುಳಿ. ಇಷ್ಟೂ ಸೇರಿ ನಾಲಗೆಗೆ ಉಪ್ಪು ಅನ್ನಿಸುತ್ತದೆ. ಅದರಲ್ಲಿ ಸಮುದ್ರದ ಪಾಲೆಷ್ಟು ಅಂತ ನಮ್ಮಜ್ಜಿಗೂ ಗೊತ್ತಿರಲಿಲ್ಲ."

ಸಮುದ್ರದ ಬಾಯಲ್ಲಿರುವ ತೋಟದ ವೈನು ಚಾಕುವಿನ ಅಲಗಿನಂತೆ, ನದಿಯ ದಡ ಹಿಡಿದು ಒಳನಾಡಿಗೆ ಹೋದಂತೆ ಅದೇ ಆಲ್ಬರೀನ್ಯೋ ಎಂಬ ತಳಿಯ ವೈನು ಹಣ್ಣಿನ ಸಿಹಿ ಪಡೆದು ದುಂಡಗಾಗುತ್ತದೆ. ಅರ್ಧ ಗಂಟೆಯ ಕಾರಿನ ದಾರಿಯಲ್ಲಿ ವೈನಿನ ಸ್ವಭಾವವೇ ಬದಲಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಕಾರ್ಮೆನ್ ಗ್ಲಾಸು ಹಿಡಿಸಿ ತೋರಿಸಿದಳು.

ಕೊಯ್ಲು ಶುರುವಾಯಿತು. ಮಳೆ ಬಿಟ್ಟ ಗಳಿಗೆಯಲ್ಲಿ ಊರಿನ ಹೆಂಗಸರೆಲ್ಲ ಕತ್ತರಿ ಹಿಡಿದು ಚಪ್ಪರದಡಿಗೆ ನುಗ್ಗುತ್ತಿದ್ದರು. ನಾವು ರಸ ಹಿಂಡಿ ಸ್ಟೀಲ್ ಟ್ಯಾಂಕುಗಳಿಗೆ ತುಂಬಿ ತಣ್ಣಗೆ ಹುದುಗಿಗೆ ಬಿಟ್ಟೆವು. ಹುದುಗುವಾಗ ಪ್ರತಿ ಟ್ಯಾಂಕನ್ನೂ ದಿನಕ್ಕೆರಡು ಬಾರಿ ಮೂಸಬೇಕು. ಯೀಸ್ಟ್‌ಗೆ ಆಹಾರ ಸಾಲದೆ ಹೋದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆಗಲೇ ಹಿಡಿದು ಗಾಳಿಯಾಡಿಸಿದರೆ ಸರಿಹೋಗುತ್ತದೆ. ಬಿಟ್ಟರೆ ವೈನಿಗೆ ಅಂಟಿಕೊಳ್ಳುತ್ತದೆ.

ಒಂದು ಬೆಳಿಗ್ಗೆ ನಾನೂ ಕಾರ್ಮೆನ್ನೂ ಒಂದೇ ಟ್ಯಾಂಕಿನ ಬಾಯಿಗೆ ಬಗ್ಗಿದ್ದೆವು. ನನಗೆ ಮುಖಕ್ಕೆ ಹೊಡೆದ ಹಾಗೆ ಗೋಬರ್ ಗ್ಯಾಸಿನ ಗುಂಡಿಯ ವಾಸನೆ ಬಂತು. ಹಿಂದಕ್ಕೆ ಸರಿದು ಸೆರಗು ಮೂಗಿಗೆ ಒತ್ತಿಕೊಂಡೆ. ಕಾರ್ಮೆನ್ ಮಾತ್ರ ಹಾಗೆಯೇ ಬಗ್ಗಿದ್ದಳು, ಕಣ್ಣು ಮುಚ್ಚಿ, ಶಾಂತವಾಗಿ. "ಚೆನ್ನಾಗಿ ಹೋಗ್ತಿದೆ" ಎಂದಳು.

ಅವಳು ಕಣ್ಣು ಬಿಟ್ಟು ನನ್ನ ಸೆರಗನ್ನು ನೋಡಿದಳು. ಮುಖ ಬಿಳಿಚಿತು. ನನ್ನ ಕೈ ಹಿಡಿದು ಶೆಡ್ಡಿನ ಹಿಂದಿನ ಬಾಗಿಲಿನಿಂದ ನೀರಿನ ದಂಡೆಗೆ ಕರೆದುಕೊಂಡು ಹೋದಳು.

"ಏನು ವಾಸನೆ ಬಂತು? ನಿಜ ಹೇಳು."

ಹೇಳಿದೆ.

"ನನಗೆ ಏನೂ ಬರಲ್ಲ," ಎಂದಳು. "ಕೊರೊನಾ ಬಂದು ಹೋದ ಮೇಲೆ ಏನೂ ಇಲ್ಲ. ವೈನಿಲ್ಲ, ಕಾಫಿಯಿಲ್ಲ. ಇಲ್ಲಿ ನಿಂತಿದ್ದೀವಲ್ಲ, ಈ ಸಮುದ್ರವೂ ಇಲ್ಲ. ಗೋಡೆಯ ಮುಂದೆ ನಿಂತ ಹಾಗಿದೆ. ಡಾಕ್ಟರು ಕಾದು ನೋಡಿ ಅಂತಾರೆ. ಕಾಯ್ತಾ ಇದ್ದೀನಿ."

ಮಾಲೀಕರಿಗೆ ಗೊತ್ತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಇಷ್ಟು ದಿನ ಲ್ಯಾಬಿನ ಅಂಕಿಗಳ ಮೇಲೆ, ನಾಲಗೆಯ ಹುಳಿ ಕಹಿಗಳ ಮೇಲೆ, ಅನುಭವದ ಮೇಲೆ ದೂಡಿಕೊಂಡು ಬಂದಿದ್ದಳು. ಈ ಕೆಲಸ ಬಿಟ್ಟು ಬೇರೆ ಯಾವುದೂ ಅವಳಿಗೆ ಗೊತ್ತಿರಲಿಲ್ಲ.

"ಈ ಹಂಗಾಮಿಗೆ ನೀನು ನನ್ನ ಮೂಗಾಗು," ಎಂದಳು. "ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ."

ಬೇರೆಯವರ ಊರು, ಬೇರೆಯವರ ವೈನು. ನನ್ನ ಅಂದಾಜು ತಪ್ಪಿದರೆ ಅವಳ ಅನ್ನ ಹೋಗುತ್ತದೆ, ಆ ಮಾಲೀಕನ ಇಡೀ ವರ್ಷದ ಬೆಳೆ ಹೋಗುತ್ತದೆ. ಇಲ್ಲವೆಂದರೆ ಇಂಥ ಇನ್ನೊಂದು ಟ್ಯಾಂಕು ಯಾರಿಗೂ ತಿಳಿಯದೆ ಕೆಡುತ್ತದೆ. ಅವಳಿಗೆ ಹೇಳಿದೆ: "ಮಾಡ್ತೀನಿ. ಆದರೆ ಬೇರೆ ಬೇರೆ ಟ್ಯಾಂಕಿನ ವೈನು ಬೆರೆಸುವ ದಿನಕ್ಕೆ ಮುಂಚೆ ಮಾಲೀಕರಿಗೆ ನೀನೇ ಹೇಳಬೇಕು. ಮುಚ್ಚಿಟ್ಟು ಬೆರೆಸೋದಕ್ಕೆ ನಾನು ಬರಲ್ಲ." ಅವಳು ಒಪ್ಪಿದಳು. ಇಬ್ಬರೂ ಓಡಿಹೋಗಿ ಆ ಟ್ಯಾಂಕಿಗೆ ಗಾಳಿಯಾಡಿಸಿದೆವು. ಸಂಜೆಗೆ ವಾಸನೆ ಇಳಿಯಿತು.

ಮುಂದಿನ ವಾರಗಳು ನನ್ನ ವೃತ್ತಿಯಲ್ಲೇ ಅತ್ಯಂತ ವಿಚಿತ್ರವಾದವು. ನಾನು ಮೂಸುತ್ತಿದ್ದೆ, ಅವಳಿಗೆ ವಿವರಿಸುತ್ತಿದ್ದೆ. ಆದರೆ ನನ್ನ ಮೂಗು ಗುಬ್ಬಿಯದು. "ಮಾವಿನಕಾಯಿ ಸೊನೆ" ಎಂದರೆ ಅವಳಿಗೇನು ಗೊತ್ತು? "ಒದ್ದೆ ಗೋಣಿಚೀಲ," "ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ," "ಕೊಬ್ಬರಿ ಉಗ್ರಾಣ." ಅವಳು ಕೇಳುತ್ತಿದ್ದಳು: "ಆ ಉಗ್ರಾಣ ತಣ್ಣಗಿರುತ್ತದಾ? ಎಣ್ಣೆ ಜಿಡ್ಡಾ, ಧೂಳಾ? ಮಳೆಗಾಲದ್ದಾ, ಬೇಸಿಗೆಯದ್ದಾ?" ನನ್ನ ಉತ್ತರ ಹಿಡಿದು ತನ್ನ ನೆನಪಿನಲ್ಲಿ ಹುಡುಕಿ, "ಗೊತ್ತಾಯಿತು, ಹಳೆಯ ಬಾದಾಮಿ" ಎನ್ನುತ್ತಿದ್ದಳು. ಅವಳ ತಲೆಯೊಳಗೆ ವಾಸನೆಗಳೆಲ್ಲ ಹಾಗೇ ಇದ್ದವು, ಬಾಗಿಲು ಮಾತ್ರ ಮುಚ್ಚಿತ್ತು. ನಾನು ಕಿಟಕಿಯಿಂದ ಕೂಗಿ ಹೇಳುತ್ತಿದ್ದೆ ಅಷ್ಟೇ. ಊಟಕ್ಕೆ ಅವರು ಚಿಪ್ಪುಮೀನು ತಿನ್ನುವಾಗ ನನಗೆ ಆಲೂಗಡ್ಡೆ, ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿದ ಸಣ್ಣ ಹಸಿಮೆಣಸಿನಕಾಯಿ. ಕಾರ್ಮೆನ್ ನನ್ನ ಚಟ್ನಿಪುಡಿ ಹಾಕಿಕೊಂಡು ತಿನ್ನುತ್ತಿದ್ದಳು. ಖಾರಕ್ಕೆ ಮೂಗು ಬೇಡವಲ್ಲ. "ಇದೊಂದಾದರೂ ನನ್ನ ಜೊತೆ ಮಾತಾಡುತ್ತದೆ" ಎನ್ನುತ್ತಿದ್ದಳು.

ನವೆಂಬರಿನಲ್ಲಿ ಯಾವ ಯಾವ ಟ್ಯಾಂಕು ಸೇರಿಸಬೇಕೆಂದು ನಿರ್ಧರಿಸುವ ದಿನ ಬಂತು. ಉದ್ದನೆಯ ಮೇಜು, ಗ್ಲಾಸುಗಳ ಸಾಲು, ತಲೆಗೆ ಟೋಪಿ ಹಾಕಿದ ವೃದ್ಧ ಮಾಲೀಕರು. ಯಾರೂ ಗ್ಲಾಸು ಮುಟ್ಟುವ ಮೊದಲೇ ಕಾರ್ಮೆನ್ ಎದ್ದು ನಿಂತು ಅವರ ಭಾಷೆಯಲ್ಲಿ ಮಾತನಾಡಿದಳು. ನನಗೆ ಒಂದಕ್ಷರ ತಿಳಿಯದಿದ್ದರೂ, ನನ್ನ ಕಡೆ ಕೈ ತೋರಿಸಿ ಮೂಗು ಮುಟ್ಟಿಕೊಂಡದ್ದು ಕಂಡಿತು. ಮಾಲೀಕರು ತಮ್ಮ ಮುಂದಿನ ಗ್ಲಾಸನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು, ಮಳೆಯಲ್ಲೇ ತೋಟದ ಕಡೆ ನಡೆದುಬಿಟ್ಟರು.

ಅವತ್ತು ಕೆಲಸ ನಿಂತಿತು. ಕಾರ್ಮೆನ್ ಹೋಗಿ ತೊಳೆದ ಟ್ಯಾಂಕನ್ನೇ ಮತ್ತೆ ತೊಳೆಯುತ್ತಾ ನಿಂತಳು. ನಾನೂ ಹೋಗಿ ಪೈಪು ಹಿಡಿದೆ.

ಎರಡು ಮೂರು ದಿನ ಕಳೆದ ಮೇಲೆ ಮಾಲೀಕರು ಪಕ್ಕದ ಊರಿನಿಂದ ಒಬ್ಬ ಹಿರಿಯ ಪರಿಣತರನ್ನು ಕರೆತಂದು ಎಲ್ಲ ಟ್ಯಾಂಕನ್ನೂ ಹೊಸದಾಗಿ ಪರೀಕ್ಷೆ ಮಾಡಿಸಿದರು. ಆತ ಒಂದೊಂದನ್ನೇ ನೋಡುತ್ತಾ ತಲೆಯಾಡಿಸುತ್ತಾ ಬಂದರು. ಒಂದು ಟ್ಯಾಂಕಿನ ಹತ್ತಿರ ಮಾತ್ರ ನಿಂತರು. ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಅದನ್ನೇ. ಹಣ್ಣಿನ ಪರಿಮಳ, ಮೃದು, ಕೊನೆಯಲ್ಲಿ ಜೇನಿನ ನೆರಳು. ಅದನ್ನು ಬೆರಕೆಯ ಮುಖ್ಯ ಭಾಗವಾಗಿಸಬೇಕೆಂದು ಕಾರ್ಮೆನ್‌ಗೆ ಹೇಳಿದ್ದವಳೂ ನಾನೇ.

ಕಾರ್ಮೆನ್ ಆತನ ಮಾತನ್ನು ನನಗೆ ತಿಳಿಸಿದಳು: "ಒಳ್ಳೆಯ ವೈನು. ಆದರೆ ಇದು ಎಲ್ಲಿಯದ್ದಾದರೂ ಆಗಬಹುದು. ಇದರಲ್ಲಿ ಕಡಲ ಗಾಳಿಯಿಲ್ಲ."

ಆ ಮಾತಿನ ಹಿಂದೆ ಬೈಗುಳವಿರಲಿಲ್ಲ. ಬಿಸಿಲುಸೀಮೆಯ ನನ್ನ ಮೂಗು ಮಾಗಿದ್ದನ್ನು ಒಳ್ಳೆಯದೆಂದು ಎಣಿಸಿತ್ತು. ಅವರಿಗೆ ಬೇಕಾಗಿದ್ದದ್ದು ಆ ಚುರುಕು, ಆ ಅಲಗು. ಯಾವ ದೋಷವಿದೆ ಎಂದು ನಾನು ಹೇಳಬಲ್ಲೆ, ಯಾವುದು ಆ ಕಡಲಿನದು ಎಂದು ಹೇಳಲಾರೆ. ಅದಕ್ಕೆ ಅಲ್ಲೇ ಹುಟ್ಟಿ ಆ ಮಳೆಯಲ್ಲಿ ನೆನೆದಿರಬೇಕು. ಆ ಟ್ಯಾಂಕನ್ನು ಬೇರೆಯಾಗಿ ಇಟ್ಟರು. ಮಿಕ್ಕೆಲ್ಲವೂ ನಾವು ಹೇಳಿದ ಹಾಗೆಯೇ ಸೇರಿತು.

ಮಾಲೀಕರು ಕಾರ್ಮೆನ್‌ಳನ್ನು ಮನೆಗೆ ಕಳಿಸಲಿಲ್ಲ, ಮುಖ್ಯಸ್ಥೆಯಾಗಿಯೂ ಉಳಿಸಲಿಲ್ಲ. ಟ್ಯಾಂಕುಗಳ ಹೊಣೆ ಬೇರೆಯವರಿಗೆ ಕೊಟ್ಟು, ತೋಟ ನೋಡಿಕೊಳ್ಳಲು ಹೇಳಿದರು. "ಮೊದಲೇ ಹೇಳಬಹುದಿತ್ತು" ಎಂದಷ್ಟೇ ಅಂದರಂತೆ. ನಾನು ಹೊರಡುವ ದಿನ ಅವಳು ಚಪ್ಪರದ ಕೆಳಗೆ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದಳು. ಕೈಕುಲುಕಿ, "ಈಗ ಸುಳ್ಳು ಹೇಳುವ ಕೆಲಸವಿಲ್ಲ, ನಿದ್ದೆ ಬರುತ್ತಿದೆ" ಎಂದಳು.

ಕುಣಿಗಲ್ಲಿಗೆ ಬಂದ ಮೇಲೆ ಗೌಡರಿಗೆ ಒಂದೇ ಸಲಹೆ ಕೊಟ್ಟೆ. ನಮ್ಮ ಕೊಯ್ಲು ಬೇಸಿಗೆಯ ಆರಂಭದಲ್ಲಿ. ಅವರಲ್ಲಿ ಆಗ ಬಿಡುವು. ಕಾರ್ಮೆನ್‌ಳನ್ನು ಕರೆಸಿ ಎಂದೆ. ಮೂಗಿನ ವಿಷಯವನ್ನೂ ಹೇಳಿದೆ.

ಗೌಡರು ಬಾಯಿ ತೆರೆದರು. "ಮೂಗಿಲ್ದೋರನ್ನ ಕರ್ಕಂಬಂದು ವೈನ್ ಮಾಡಿಸ್ಬೇಕಾ? ಏನ್ ಗಿರಿಜಮ್ಮ ನೀವು!"

"ಮೂಗು ನಂದಿದೆ ಸರ್. ತೋಟ ನೋಡೋ ಕಣ್ಣು ಅವರದು."

ಅವರು ಗೊಣಗಿಕೊಂಡೇ ಒಪ್ಪಿದರು. ಫೆಬ್ರವರಿಯಲ್ಲಿ ಕಾರ್ಮೆನ್ ಬಂದಳು. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇರಿಸಿಕೊಂಡೆವು. ಬಂದ ಮಾರನೆಯ ದಿನ ನಮ್ಮ ತೋಟದ ಕಲ್ಲುಕಂಬಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತಳು. "ನಮ್ಮದು ಯಾವಾಗಲೂ ಒದ್ದೆ," ಎಂದಳು. "ಇದು ರೊಟ್ಟಿಯ ಹಂಚಿನ ಹಾಗಿದೆ."

ಅವಳು ಕೆಲಸ ಮಾಡುವ ರೀತಿ ನೋಡಿ ತೋಟದವರೆಲ್ಲ ಬೆರಗಾದರು. ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಬೇರೆ, ಬೀಜವನ್ನು ಬೇರೆ ಅಗಿಯುತ್ತಿದ್ದಳು. ಬೀಜ ಕಡಲೆಯಂತೆ ಕಟುಮ್ಮೆನ್ನಬೇಕು. ಸಿಪ್ಪೆ ಬೆರಳಿಗೆ ಅಂಟಬೇಕು. ನಾವು ಅದುವರೆಗೆ ಸಕ್ಕರೆಯ ಅಂಶ ಏರಲಿ ಎಂದು ಕಾದು ಕೊಯ್ಯುತ್ತಿದ್ದೆವು. ಅವಳು ಅರ್ಧ ತೋಟವನ್ನು ಮೊದಲೇ ಕೊಯ್ಯಿರಿ ಎಂದಳು, ಅದೂ ಹೊತ್ತು ಹುಟ್ಟಿ ಬಿಸಿಲೇರುವುದರೊಳಗೆ. ಹುಳಿ ಬಿಸಿಲಿಗೆ ಓಡಿಹೋಗುತ್ತದೆ, ಓಡುವ ಮೊದಲೇ ಹಿಡಿಯಿರಿ ಎಂದಳು. ಗೌಡರಿಗೆ ಸಂಕಟ. "ಅರ್ಧಂಬರ್ಧ ಹಣ್ಣು ಕಣ್ರೀ ಇದು," ಎನ್ನುತ್ತಾ ಬುಟ್ಟಿಗಳ ಹಿಂದೆ ಮುಂದೆ ಓಡಾಡಿದರು. ಕೊಯ್ಲಿನ ಹೆಂಗಸರು ಮಾತ್ರ ಖುಷಿಯಾದರು. "ಬಿಸ್ಲಿಗೆ ಮುಂಚೆ ಮನೇಗೋಯ್ತೀವಿ, ಆಯಮ್ಮ ಪುಣ್ಯಾತ್ಗಿತ್ತಿ" ಎಂದರು.

ಹುದುಗು ಮುಗಿದ ಮೇಲೆ ಗೌಡರು ಗ್ಲಾಸು ಹಿಡಿದು ಕೂತರು. ಬಾಯಿಗಿಟ್ಟು, ಮುಖ ಸಿಂಡರಿಸಿದರು.

"ಎಲ್ರೀ ಉಪ್ಪು? ನಾನು ಅಲ್ಲಿ ಕುಡಿದಿದ್ದು ಇದಲ್ಲ."

"ಇಲ್ಲಿ ಸಮುದ್ರ ಇಲ್ವಲ್ಲ ಸರ್."

"ಒಂಚೂರು ಹಾಕ್ಬುಟ್ರೆ ಏನಾಗುತ್ತೆ? ಯಾರಿಗ್ ಗೊತ್ತಾಗುತ್ತೆ?"

ಅರ್ಧ ತಮಾಷೆ, ಅರ್ಧ ನಿಜ. ನಾನು ಕಾರ್ಮೆನ್‌ಗೆ ಅನುವಾದಿಸಿದೆ. ಅವಳು ನಗಲಿಲ್ಲ.

"ನಮ್ಮ ವೈನಿನಲ್ಲಿ ಬಿಸಿಲು ಸಾಲದು," ಎಂದಳು. "ಎಷ್ಟೋ ವರ್ಷ ನಮ್ಮವರು ನಾಚಿಕೊಂಡು, ಬೇರೆ ಕಡೆಯ ವೈನಿನ ಹಾಗೆ ದಪ್ಪ ಮಾಡಲು ಹೆಣಗಿದರು. ಯಾರೂ ಕೊಳ್ಳಲಿಲ್ಲ. ಆ ಚಳಿಯ ಹುಳಿಯನ್ನೇ ಹಾಗೇ ಬಿಟ್ಟ ಮೇಲೆ ಜನ ಹುಡುಕಿಕೊಂಡು ಬಂದರು. ನೀವೂ ಬಂದಿರಿ. ನಿಮ್ಮ ನೆಲದ್ದು ಏನೋ, ಅದನ್ನ ಇದರಲ್ಲಿ ಹುಡುಕಿ."

ಗೌಡರು ನನ್ನ ಕಡೆ ತಿರುಗಿದರು. "ಏನಿದೆ ಇದರಲ್ಲಿ? ನೀವೇಳ್ರಿ."

ಗ್ಲಾಸು ಮೂಸಿದೆ. ನಿಂಬೆ ಇರಲಿಲ್ಲ, ಪೀಚ್ ಇರಲಿಲ್ಲ. ಮುರಿದ ಸೀಬೆಕಾಯಿ, ಮಾವಿನಕಾಯಿಯ ಸೊನೆ, ಆಮೇಲೆ ಒಣಗಿದ ಹುಲ್ಲು. ಹುಳಿ ಇತ್ತು, ನೆಟ್ಟಗೆ ನಿಂತಿತ್ತು. ಹಾಗೆಯೇ ಹೇಳಿದೆ.

"ಸೀಬೆಕಾಯಿ ಬೇಕಾದ್ರೆ ಸಂತೇಲಿ ಸಿಗುತ್ತೆ," ಎಂದು ಗ್ಲಾಸು ಇಟ್ಟು ಎದ್ದುಹೋದರು.

ಆ ವೈನಿನ ಕತೆ ಏನಾಯಿತೆಂದು ಇಲ್ಲೇ ಮುಗಿಸಿಬಿಡುತ್ತೇನೆ. ಮೊದಲು ನೋಡಿದ ಹೋಟೆಲಿನವರು ಹುಳಿ ಜಾಸ್ತಿ ಎಂದು ಬೇಡವೆಂದರು. ಗೌಡರು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಬಾಟಲಿಯಲ್ಲಿ ಮಳೆಗಾಲ ಕಳೆದ ಮೇಲೆ ಆ ಹುಳಿ ಒಳಗಿಳಿದು ವೈನು ತಿಳಿಯಾಯಿತು. ದೀಪಾವಳಿಗೆ ತಮ್ಮ ನೆಂಟರಿಗೆ ಅದನ್ನು ಕೊಟ್ಟ ಗೌಡರು, ಮಾರನೆಯ ದಿನ ಫೋನ್ ಮಾಡಿ, "ಬರೋ ವರ್ಷಾನೂ ಅರ್ಧ ತೋಟ ಮೊದಲೇ ಕುಯ್ಸಿಬುಡಿ" ಎಂದರು. ಅಷ್ಟೇ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನು ನಿವೃತ್ತಳಾಗುವವರೆಗೂ ಹಾಗೆಯೇ ಮಾಡಿದೆವು, ಈಗಲೂ ಮಾಡುತ್ತಾರೆ.

ಆದರೆ ಆ ವರ್ಷದಲ್ಲಿ ನನ್ನ ನೆನಪಿನಲ್ಲಿ ಉಳಿದಿರುವ ದಿನ ದೀಪಾವಳಿಯದಲ್ಲ. ಕಾರ್ಮೆನ್ ಊರಿಗೆ ಹೊರಡಬೇಕಾಗಿದ್ದ ದಿನ. ಮಧ್ಯಾಹ್ನ ಊಟ ಮಾಡಿ ಬೆಂಗಳೂರಿಗೆ ಹೋಗುವುದೆಂದು ಗೊತ್ತಾಗಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಮಾವನವರು ನಡುಮನೆಯಲ್ಲಿ ಎಲೆಯ ಮುಂದೆ ಕೂತು, ಅಟ್ಲಾಂಟಿಕ್ ಸಾಗರದ ಅಲೆ ಯಾವ ತಿಂಗಳಲ್ಲಿ ಎಷ್ಟು ಎತ್ತರ ಏಳುತ್ತದೆಂದು ತಮ್ಮ ಹಳೆಯ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು. ನಾನು ಸೌಟಿನಲ್ಲಿ ಸಾರಿಗೆ ತುಪ್ಪದ ಒಗ್ಗರಣೆ ಇಟ್ಟು, ಸಾಸಿವೆ ಸಿಡಿದ ಮೇಲೆ ಇಂಗು ಹಾಕಿದೆ.

ಕಾರ್ಮೆನ್ ದಿಗ್ಗನೆದ್ದಳು. ಸ್ಟೂಲು ಉರುಳಿತು.

"ಏನದು? ಏನೋ ಕೊಳೆತಿದೆ! ಟೈರು ಸುಟ್ಟ ಹಾಗೆ, ಸತ್ತ ಮೀನಿನ ಹಾಗೆ... ಗಿರಿಜಾ, ಭಯಂಕರ ವಾಸನೆ!"

ಒಂದು ಕ್ಷಣ ನನಗೇ ಹೊಳೆಯಲಿಲ್ಲ. ಸೌಟು ಹಿಡಿದು ನಿಂತಿದ್ದೆ. ನಡುಮನೆಯಿಂದ ಮಾವನವರ ದನಿ ಬಂತು, ಬೇಸರದಲ್ಲಿ: "ಏನಂತಾಳಮ್ಮ ಅವ್ಳು? ನಮ್ಮನೆ ಒಗ್ಗರಣೆ ಕೊಳೆತೋಗಿದೆ ಅಂತಾಳಾ?"

"ಮಾವ," ಎಂದೆ, "ಅವಳಿಗೆ ವಾಸನೆ ಬಂತು."

ಕಾರ್ಮೆನ್ ಮೂಗಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು. ಡಾಕ್ಟರು ಹೇಳಿದ್ದರಂತೆ, ವಾಸನೆ ಹಿಂತಿರುಗುವಾಗ ಮೊದಲು ತಿರುಚಿಕೊಂಡು, ಕೆಟ್ಟದಾಗಿಯೇ ಬರಬಹುದು ಎಂದು. ಅವಳು ಅದನ್ನು ಮರೆತೇ ಬಿಟ್ಟಿದ್ದಳು. ಕಣ್ಣಲ್ಲಿ ನೀರು ತುಂಬಿ ಹರಿಯಿತು. ಸೌಟು ಕಿತ್ತುಕೊಂಡು ಹತ್ತಿರ ಹಿಡಿದು ಮೂಸಿದಳು, ಓಕರಿಸಿದಳು, ನಕ್ಕಳು, ಮತ್ತೆ ಮೂಸಿದಳು. ಅಷ್ಟರಲ್ಲಿ ಒಗ್ಗರಣೆ ಆರಿ ಹೋಯಿತು. ಅವಳು ತಣ್ಣಗಾದ ಸೌಟಿನೊಳಗೆ ಗಾಬರಿಯಿಂದ ಇಣುಕಿದಳು. "ಹೋಯಿತು. ಮತ್ತೆ ಏನೂ ಇಲ್ಲ."

ಮಾವನವರು ಕೋಲೂರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಆ ಹೆಂಗಸಿನ ಮುಖ ನೋಡಿದರು, ಒಲೆ ನೋಡಿದರು.

"ಇನ್ನೊಂದ್ ಸಲ ಹಾಕಮ್ಮ," ಎಂದರು. "ಇಂಗು ಜಾಸ್ತಿ ಹಾಕು."

ಹಾಕಿದೆ. ಅದು ಆರಿದ ಮೇಲೆ ಇನ್ನೊಮ್ಮೆ. ಅವತ್ತು ನಮ್ಮ ಮನೆಯಲ್ಲಿ ಊಟ ಬಹಳ ತಡವಾಯಿತು. ಪ್ರತಿ ಸಲವೂ ಕಾರ್ಮೆನ್ ಮುಖ ಕಿವುಚಿ "ಭಯಂಕರ, ಭಯಂಕರ" ಎಂದು ಅಳುತ್ತಿದ್ದಳು. ಪ್ರತಿ ಸಲವೂ ಮಾವನವರು ತೃಪ್ತಿಯಿಂದ ತಲೆಯಾಡಿಸಿ, ತುಪ್ಪದ ಡಬ್ಬಿಯನ್ನು ನನ್ನ ಕಡೆಗೆ ಸರಿಸುತ್ತಿದ್ದರು.